ಕೆನೆಬಣ್ಣದ ಪೆಟ್ರೋಲ್ ಮೀಟರ್

ಅಪ್ಪನ ಮನೆ
ಬುಧವಾರ, ೧೪ನೇ ತಾರೀಕು

ರೀ,

ಮೇಲೆ ‘ಪ್ರೀತಿಯ’ ಅಂತ ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೇಕೆಂದೇ ತೆಗೆದುಕೊಳ್ಳಲಿಲ್ಲ. ಯಾವ ಕಾರಿನಲ್ಲಿ ಮೊದಲು ಏನಿತ್ತು, ಆಮೇಲೆ ಏನು ಕೂರಿಸಿದ್ದಾರೆ ಅಂತ ಗೀರು ನೋಡಿ ಹೇಳುವವರು ನೀವು. ಇದನ್ನೂ ನೋಡಿ ತಿಳಿದುಕೊಳ್ಳಿ.

ನಾನು ಮನೆ ಬಿಟ್ಟು ಬಂದು ಇವತ್ತಿಗೆ ಹದಿನೇಳು ದಿನ. ನೀವು ಫೋನ್ ಮಾಡಿದ್ದು ನಾಲ್ಕು ಸಲ. ಅದರಲ್ಲಿ ಮೂರು ಸಲ ಗ್ಯಾರೇಜಿನ ಮಾತು. ಸಣ್ಣ ಸ್ಪ್ಯಾನರ್ ಸೆಟ್ ಎಲ್ಲಿಟ್ಟಿದ್ದೀಯ, ಹಸಿರು ಕಾರಿನ ವೈರಿಂಗ್ ಅರ್ಧಕ್ಕೆ ನಿಂತಿದೆ, ಮತ್ತೆ ಸ್ಪ್ಯಾನರ್ ಸೆಟ್. ನಾಲ್ಕನೆಯ ಸಲ ಮಾತ್ರ, ಇಷ್ಟು ಕೋಪ ಯಾಕೆ, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಅಂತ ಕೇಳಿದಿರಿ. ಫೋನಿನಲ್ಲೇ ಉತ್ತರ ಕೊಟ್ಟಿದ್ದರೆ ಬರೀ ಕಿರುಚಾಟವಾಗುತ್ತಿತ್ತು. ನೀವಂತೂ ಬರೆದದ್ದನ್ನು ಬಿಟ್ಟು ಬೇರೇನೂ ನಂಬುವವರಲ್ಲ. ಅದಕ್ಕೇ ಈ ಕಾಗದ.

ಆ ಭಾನುವಾರ ನೀವು ಏನು ಮಾಡಿದಿರಿ ಅಂತ ನಾನೇ ಹೇಳುತ್ತೇನೆ, ಕೇಳಿ.

ನಿಮ್ಮ ಕ್ಲಬ್ಬಿನ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನ. ನಮ್ಮ ಕೆಂಪು ಎರಡು ಸೀಟಿನ ಕಾರು ಸ್ಪರ್ಧೆಗಲ್ಲ, ನಿಮ್ಮ ಭಾಷಣದ ನಮೂನೆಗೆ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಬಿಡಿಭಾಗಗಳ ಆ ದಪ್ಪ ಪುಸ್ತಕ. ಒಂದೇ ಮಾಡೆಲ್, ಒಂದೇ ವರ್ಷ, ಆದರೂ ಒಂದರಂತೆ ಇನ್ನೊಂದಿಲ್ಲ. ಈ ಚಾಸಿ ನಂಬರಿನಿಂದ ಬಾಗಿಲ ಹಿಡಿ ಬದಲಾಯಿತು, ಆ ನಂಬರಿನಿಂದ ಸ್ಕ್ರೂವಿನ ತಲೆ ಬದಲಾಯಿತು, ಇದೆಲ್ಲ ತಿಳಿಯದವರು ಅಸಲಿ ಅನ್ನುವ ಮಾತನ್ನೇ ಆಡಬಾರದು ಅಂದಿರಿ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಹ್ಯಾಟು ಹಾಕಿದ್ದ ಒಬ್ಬರು, ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಹತ್ತಿರ ಬಂದು, ನೀವು ಇಲ್ಲಿನ ಜೋಡಣೆ ಕಾರ್ಖಾನೆಯಲ್ಲಿ ಇದ್ದವರಂತೆ, ಇಲ್ಲಿ ಜೋಡಿಸಿದ ಕಾರುಗಳಲ್ಲಿ ಏನಾದರೂ ವ್ಯತ್ಯಾಸ ಇತ್ತಾ ಅಂತ ಕೇಳಿದರು. ಇಪ್ಪತ್ತೆಂಟು ವರ್ಷ ಡ್ಯಾಶ್‌ಬೋರ್ಡಿಗೆ ಮೀಟರ್ ಕೂರಿಸಿದ ಮನುಷ್ಯ ಅವರು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಮೀಟರ್ ಮಾಮ. ಸಾವಿರಾರು ಕಾರಿಗೆ ಮೀಟರ್ ಜೋಡಿಸಿಯೂ ಒಂದನ್ನೂ ಓಡಿಸಲು ಕಲಿಯಲಿಲ್ಲ, ಅದು ಬೇರೆ. ಅವರನ್ನು ಯಾರಾದರೂ ಅಂಥ ಪ್ರಶ್ನೆ ಕೇಳಿ ಎಷ್ಟು ವರ್ಷವಾಗಿತ್ತೋ. ಎದ್ದು ನಿಂತು ಹೇಳಿದರು.

ಸಾಮಾನೆಲ್ಲ ಮರದ ಪೆಟ್ಟಿಗೆಗಳಲ್ಲಿ ಹಡಗಿನಲ್ಲಿ ಬರುತ್ತಿತ್ತು ಅಂದರು. ಒಂದು ಸಲ ಪೆಟ್ರೋಲ್ ಮೀಟರಿನ ಪೆಟ್ಟಿಗೆ ಜಜ್ಜಿಹೋಗಿ ಬಂತು. ಇನ್ನೊಂದು ಹಡಗು ಬರಲು ಮೂರು ತಿಂಗಳು. ಕೆಲಸ ನಿಲ್ಲಿಸುವ ಹಾಗಿಲ್ಲ. ಅದೇ ಕಂಪನಿಯ ವ್ಯಾನುಗಳಿಗೆ ಅಂತ ಇಟ್ಟಿದ್ದ ಕೆನೆಬಣ್ಣದ ಮೀಟರುಗಳನ್ನು ನಲವತ್ತೊಂದು ಸ್ಪೋರ್ಟ್ಸ್ ಕಾರಿಗೆ ಕೂರಿಸಿದರು. ಮೀಟರ್ ಚಿಕ್ಕದು, ತೂತು ದೊಡ್ಡದು; ಸುತ್ತಲಿನ ಸಂದಿಗೆ ಅಪ್ಪ ಹಿತ್ತಾಳೆ ತಗಡಿನಲ್ಲಿ ಒಂದೊಂದಾಗಿ ಬಳೆ ಕತ್ತರಿಸಿ ಹಾಕಿದರು. ಇಷ್ಟು ಹೇಳಿ ನಮ್ಮ ಕಾರಿನತ್ತ ಕೈ ತೋರಿಸಿ, ಇದೂ ಆ ನಲವತ್ತೊಂದರಲ್ಲಿ ಒಂದು ಅಂದರು.

ನೀವು ಬಂದಿರಿ. ಮೈಕನ್ನು ಅಲ್ಲೇ ಇಟ್ಟು ಬರಬಹುದಿತ್ತು, ಹಿಡಿದುಕೊಂಡೇ ಬಂದಿರಿ. ಮಾವ, ಅಲ್ನೋಡಿ, ಇರೋದು ಕರಿ ಮೀಟರ್ ಅಂದಿರಿ. ಪುಸ್ತಕ ತೆರೆದು ಪುಟ ತೋರಿಸಿ, ಈ ನಂಬರಿನ ಮೇಲಿನ ಕಾರಿಗೆಲ್ಲ ಕರಿಯದೇ, ನಿಮಗೆ ನೆನಪು ತಪ್ತಿದೆ ಅಂದಿರಿ. ಅದು ಮೈದಾನಕ್ಕೆಲ್ಲ ಕೇಳಿಸಿತು. ಜನ ನಕ್ಕರು. ಕೆಟ್ಟದಾಗಿ ನಗಲಿಲ್ಲ, ಮಕ್ಕಳನ್ನು, ಮುದುಕರನ್ನು ಕಂಡರೆ ನಗುತ್ತಾರಲ್ಲ, ಹಾಗೆ. ಕೆಟ್ಟದಾಗಿ ನಕ್ಕಿದ್ದರೇ ವಾಸಿಯಿತ್ತು.

ಅಪ್ಪ ಡ್ಯಾಶ್‌ಬೋರ್ಡ್ ನೋಡಿದರು. ಆಮೇಲೆ ಒಂದು ಸಲ ನನ್ನ ಮುಖ ನೋಡಿದರು. ಇರಬಹುದಪ್ಪ, ನನಗೇ ಮರೆತಿರಬೇಕು ಅಂತ ಹೇಳಿ, ಕುರ್ಚಿಯ ಬೆನ್ನು ಹಿಡಿದು ನಿಧಾನಕ್ಕೆ ಕೂತುಬಿಟ್ಟರು.

ಅಲ್ಲಿಗೆ ಮುಗಿಯಿತಾ? ಇಲ್ಲ. ಸಂಜೆ ಊಟದ ಮೇಜಿನಲ್ಲಿ ನೀವು ನೀರು ಬಗ್ಗಿಸಿಕೊಳ್ಳುತ್ತಾ, ಮಾವನನ್ನು ಮರೆವಿನ ಡಾಕ್ಟರಿಗೆ ತೋರಿಸೋಣ, ಅರವತ್ತಕ್ಕೆ ಅರಳುಮರಳು ಅಂತಾರೆ, ಇವರಿಗೆ ಎಪ್ಪತ್ತಾರು ಅಂದಿರಿ. ನಾನು ತಟ್ಟೆ ಸರಿಸಿ ಎದ್ದದ್ದು ಆಗ. ಮಾರನೆಯ ಬೆಳಿಗ್ಗೆ, ಅಪ್ಪ ವಾರಕ್ಕೊಮ್ಮೆ ಪಾಠ ಹೇಳುತ್ತಿದ್ದ ಮೆಕ್ಯಾನಿಕ್ ತರಬೇತಿ ಶಾಲೆಯ ಮುಖ್ಯಸ್ಥರ ಫೋನ್ ಬಂತು ಅಪ್ಪನಿಗೆ. ಅವರೂ ಆ ಜನರ ನಡುವೆ ಇದ್ದರಂತೆ. ಗುರುವಾರದ ಪಾಠ ಇನ್ನು ಸಾಕು ಸಾರ್, ಹಾಯಾಗಿ ವಿಶ್ರಾಂತಿ ತಗೊಳ್ಳಿ ಅಂದರಂತೆ. ಒಂಬತ್ತು ವರ್ಷದ ಗುರುವಾರಗಳು ನಿಮ್ಮ ಒಂದು ಮೈಕಿನ ಮಾತಿಗೆ ಹೋದವು.

ಈಗ ಮನೆಯ ಸ್ಥಿತಿ ಕೇಳಿ. ಗುರುವಾರದ ನೀಲಿ ಅಂಗಿ ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿದೆ. ಪಕ್ಕದ ಮನೆಯಾಕೆ ಅಪ್ಪನ ಜೊತೆ ಕಿವುಡರ ಹತ್ತಿರ ಮಾತಾಡಿದ ಹಾಗೆ ಕೂಗಿ ಮಾತಾಡುತ್ತಾಳೆ. ನಿನ್ನೆ ಬಸ್ ಸ್ಟಾಪಿನಿಂದ ಕೈ ಹಿಡಿದು ಮನೆಯವರೆಗೆ ಬಿಟ್ಟುಹೋದಳು. ನಲವತ್ತು ವರ್ಷ ಇದೇ ಬೀದಿಯಲ್ಲಿ ಓಡಾಡಿದವರು, ಥ್ಯಾಂಕ್ಸಮ್ಮ ಅಂದು ಒಳಗೆ ಬಂದರು. ಸೋದರತ್ತೆ ಫೋನ್ ಮಾಡಿ ಇವತ್ತು ಯಾವ ವಾರ ಅಂತ ಕೇಳುತ್ತಾಳೆ. ಅಪ್ಪ ಶಾಲೆಯ ಹುಡುಗನ ಹಾಗೆ ಉತ್ತರ ಹೇಳುತ್ತಾರೆ. ಒಂದು ಸಲವಾದರೂ ರೇಗಲಿ ಅಂತ ಕಾಯುತ್ತೇನೆ, ರೇಗುವುದಿಲ್ಲ. ಅವರ ಪಾಲಿನದನ್ನೂ ನಾನೇ ರೇಗುತ್ತಿದ್ದೇನೆ.

ನನಗೆ ನಿಮ್ಮ ಮೇಲೆ ಎಷ್ಟು ಕೋಪವಿದೆ ಅಂದರೆ ನಿಮ್ಮ ಶೂ ಸದ್ದು ನೆನಪಾದರೂ ಮೈ ಉರಿಯುತ್ತದೆ. ಆ ಪುಸ್ತಕ ಬರೆದವರು ಯಾರು? ಸಮುದ್ರದಾಚೆ ಕೂತು ಪಟ್ಟಿ ಮಾಡಿದವರು. ನಮ್ಮ ಕಾರ್ಖಾನೆಗೆ ಬಂದ ಪೆಟ್ಟಿಗೆ ಜಜ್ಜಿತ್ತೋ ನೆನೆದಿತ್ತೋ ಅವರಿಗೇನು ಗೊತ್ತು? ಪುಸ್ತಕದ ಬದನೆಕಾಯಿ ಹಿಡಿದುಕೊಂಡು, ಕೈಯಾರೆ ಕೆಲಸ ಮಾಡಿದವರಿಗೆ ಪಾಠ ಹೇಳಲು ಹೋದಿರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ಮೊಲವನ್ನಾದರೂ ಹಿಡಿದಿರುತ್ತಾನೆ. ನೀವು ಮೊಲದ ಚಿತ್ರ ನೋಡಿ ವಾದ ಮಾಡುವವರು.

ಪುರಾವೆ ಎಲ್ಲಿ ಅಂತೀರಿ, ಗೊತ್ತು. ಹನ್ನೆರಡು ವರ್ಷದಿಂದ ನಿಮ್ಮ ಮಾವ ಅವರು. ಒಂದು ಸುಳ್ಳು ಹೇಳಿದ್ದು ಕೇಳಿದ್ದೀರಾ? ಅದು ಸಾಲದಾ? ಈಗ ಆ ಜಾಗದಲ್ಲಿ ಕರಿ ಮೀಟರ್ ಇದೆ, ನಿಜ. ಅದು ಹೇಗೆ ಬಂತು ಅಂತ ನೀವು ಒಂದು ಸಲವಾದರೂ ಕೇಳಿದಿರಾ? ಅದು ಡಾಕ್ಟರೊಬ್ಬರು ಓಡಿಸುತ್ತಿದ್ದ ಕಾರು. ಅವರ ಕಣ್ಣು ಮಂಜಾದ ಮೇಲೆ ಅವರ ಹೆಂಡತಿ, ನೀವೇ ಜೋಡಿಸಿದ್ದು, ನೀವೇ ಇಟ್ಟುಕೊಳ್ಳಿ ಅಂತ ಅಪ್ಪನಿಗೆ ಕೊಟ್ಟದ್ದು. ಹಳೇ ಕಾರು, ಎಷ್ಟು ಜನರ ಕೈ ತಗುಲಿದೆಯೋ ಏನೋ.

ನಿಮ್ಮನ್ನು ನಾನು ಮೊದಲು ನೋಡಿದ್ದೂ ಈ ಕಾರಿನ ಮುಂದೆಯೇ. ಯಾವ ಕಾರು ಅಸಲಿ ಅಂತ ನೋಡುವ ಕ್ಲಬ್ಬಿನ ಸ್ಪರ್ಧೆಯ ತೀರ್ಪುಗಾರರು ನೀವು, ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಡ್ಯಾಶ್‌ಬೋರ್ಡಿನ ಕೆಳಗೆ ಬಿದ್ದುಕೊಂಡಿದ್ದಿರಿ. ಎದ್ದು ಮಂಡಿಯ ಧೂಳು ಕೊಡವಿಕೊಂಡು, ಕೂದಲೆಳೆಯಷ್ಟೂ ತಪ್ಪಿಲ್ಲ ಅಂದಿರಿ. ಆ ಮಾತಿಗೇ ನಾನು ನಿಮ್ಮನ್ನು ಮದುವೆಯಾದೆ ಅಂದರೂ ಸರಿಯೇ. ಅವತ್ತು ಬಂದ ಟ್ರೋಫಿಯಲ್ಲಿ ಇವತ್ತಿಗೂ ನಮ್ಮ ಅಡುಗೆಮನೆಯ ಚಮಚಗಳಿವೆ. ಅದರ ಮಾತು ಈಗ ಬೇಡ.

ನನಗೆ ಬೇಕಾದದ್ದು ಮೂರು ಸಾಲು. ಮೀಟರ್ ಮಾಮ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು, ಅವರ ನೆನಪಿನಲ್ಲಿ ದೋಷವಿಲ್ಲ. ಇಷ್ಟು ಬರೆದು ಸಹಿ ಹಾಕಿ, ಒಂದು ಪ್ರತಿ ಕ್ಲಬ್ಬಿಗೆ, ಒಂದು ಪ್ರತಿ ತರಬೇತಿ ಶಾಲೆಗೆ ಕಳಿಸಿ. ಬರೆಯಲಾಗದಿದ್ದರೆ ಸ್ಪ್ಯಾನರಿನ ನೆಪ ಹಿಡಿದು ಈ ಬಾಗಿಲಿಗೆ ಬರಬೇಡಿ. ಅದು ಮೂರನೆಯ ಡ್ರಾಯರಿನಲ್ಲಿ, ಒರೆಸುವ ಬಟ್ಟೆಯ ಕೆಳಗಿದೆ.

ಇಂತಿ,
ಮೀಟರ್ ಮಾಮನ ಮಗಳು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಸಲ ಓದಿದೆ. ಅಂಟಿಸಲಾಗಲಿಲ್ಲ.

ಕಾಗದದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಬಿಚ್ಚಿ ನೋಡಿ. ಕೆನೆಬಣ್ಣದ ಪೆಟ್ರೋಲ್ ಮೀಟರ್, ಹಿತ್ತಾಳೆ ಬಳೆ. ಬಳೆಯ ಹಿಂದೆ ಮೂರು ಚುಕ್ಕಿ ಇದೆ, ಅದು ಅಪ್ಪನ ಗುರುತು. ಅದನ್ನು ಬಿಚ್ಚಿ ಕರಿ ಮೀಟರ್ ಕೂರಿಸಿದವಳು ನಾನು. ನೀವು ಟಾರ್ಚ್ ಹಿಡಿದು ಬಂದ ಆ ಸ್ಪರ್ಧೆಗೆ ಇನ್ನು ಒಂದು ತಿಂಗಳಿತ್ತು, ಕಾರನ್ನು ನಾನೇ ರಿಪೇರಿ ಮಾಡಿ ಸಿದ್ಧಮಾಡುತ್ತಿದ್ದೆ. ಮಗ್ಗುಲಲ್ಲಿ, ನೀವು ಹಿಡಿದು ಓಡಾಡುವ ಆ ಪುಸ್ತಕದ್ದೇ ನನ್ನದೊಂದು ಪ್ರತಿ ತೆರೆದಿತ್ತು. ಪುಟದಲ್ಲಿ ಕರಿಯದಿತ್ತು, ಯಾರೋ ದಡ್ಡ ಮೆಕ್ಯಾನಿಕ್ ವ್ಯಾನಿನದ್ದು ತಂದು ತುರುಕಿದ್ದಾನೆ ಅಂತ ಬೈದುಕೊಂಡೇ ಕಿತ್ತೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಚುಕ್ಕಿ ಕಂಡದ್ದು ಕಿತ್ತ ಮೇಲೆ. ಕಂಡೂ ವಾಪಸ್ ಹಾಕಲಿಲ್ಲ, ಟ್ರೋಫಿ ಬೇಕಿತ್ತು. ಹದಿಮೂರು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಮನೆ ಬಿಟ್ಟು ಬರುವಾಗ ಬಟ್ಟೆಗಿಂತ ಮೊದಲು ಅದನ್ನೇ ತೆಗೆದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವತ್ತು ಮೈದಾನದಲ್ಲಿ ಅಪ್ಪ ನನ್ನ ಮುಖ ನೋಡಿದಾಗ ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ನಿಮ್ಮ ಮೇಲಿನ ಕೋಪ ಹೋಗಿಲ್ಲ. ಮೈಕು ಹಿಡಿದವರು ನೀವೇ, ಡಾಕ್ಟರ್ ಅಂದವರೂ ನೀವೇ. ಆದರೆ ಮೇಲೆ ಬರೆದದ್ದರಲ್ಲಿ ಅರ್ಧ ನನಗೆ ನಾನೇ ಬೈದುಕೊಂಡದ್ದು. ಯಾವ ಅರ್ಧ ಅಂತ ಹುಡುಕುವುದು ನಿಮಗೆ ಕಷ್ಟವಲ್ಲ.

ಇವತ್ತು ಬೆಳಿಗ್ಗೆ ಮೀಟರ್ ತಂದು ಅಪ್ಪನ ಕೈಯಲ್ಲಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬಳೆಯ ಅಂಚನ್ನು ಉಗುರಿನಲ್ಲಿ ಸವರಿ, ಸ್ವಲ್ಪವೂ ಸೊಟ್ಟಗಾಗಿಲ್ಲ ನೋಡು ಅಂದರು. ಕಾರು ಸಿದ್ಧವಾದ ಮೇಲೆ ನೀನು ನನ್ನನ್ನು ಮೊದಲ ಸುತ್ತು ಕರಕೊಂಡು ಹೋದೆಯಲ್ಲ, ಕೂತ ತಕ್ಷಣ ಕರಿಯದು ಕಂಡಿತ್ತು ಮಗಳೇ, ನೀನು ಅಷ್ಟು ಖುಷಿಯಲ್ಲಿದ್ದೆ, ಏನಂತ ಹೇಳಲಿ ಅಂದರು. ಮೈದಾನದಲ್ಲಿ ಆ ಹ್ಯಾಟಿನವರು ಕೇಳಿದ ಸಂಭ್ರಮದಲ್ಲಿ ಬಾಯಿ ಜಾರಿತಂತೆ. ಅಳಿಯನಿಗೆ ಇದನ್ನೆಲ್ಲ ಬರೆಯಲು ಹೋಗಬೇಡ, ಮರೆವು ನನಗಿರಲಿ, ಟ್ರೋಫಿ ನಿನಗಿರಲಿ ಅಂತ ಹೇಳಿ ನನ್ನ ತಲೆ ಸವರಿದರು.

ನಾಳೆ ಗುರುವಾರ. ಆ ನೀಲಿ ಅಂಗಿ ಹಾಕಿಸಿ, ತರಬೇತಿ ಶಾಲೆಗೆ ಅಪ್ಪನನ್ನು ನಾನೇ ಕರೆದುಕೊಂಡು ಹೋಗಿ, ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ನೀವು ಆ ಮೂರು ಸಾಲಿನ ಕೆಳಗೆ ನಾಲ್ಕನೆಯದಾಗಿ ನನ್ನ ತಪ್ಪನ್ನೂ ಬರೆಯಿರಿ. ಮತ್ತೆ ಆ ಚಮಚಗಳನ್ನು ಬೇರೆ ಲೋಟಕ್ಕೆ ಹಾಕಿ, ಟ್ರೋಫಿಯನ್ನು ತೊಳೆದು ಕ್ಲಬ್ಬಿಗೆ ವಾಪಸ್ ಕೊಟ್ಟುಬಿಡಿ.