ಹಿಟ್ಟಿನ ಬೆರಳಚ್ಚಿನ ಚೀಟಿ

ಕೇಶ್ವಾಪುರ, ಹುಬ್ಬಳ್ಳಿ
೯ ಫೆಬ್ರವರಿ ೨೦೨೫

ಪ್ರೀತಿಯ ಲಿಂಗಣ್ಣಾ,

ಮೊಣಕಾಲು ನೋವು ಹೇಗಿದೆ? ಸತ್ತೂರಿನಲ್ಲಿ ಆಸ್ಪತ್ರೆಯ ಗೇಟು ಕಾಯುತ್ತಿದ್ದೀಯೆಂದು ನಿನ್ನ ಮಿಲಿಟರಿ ದೋಸ್ತ ಗುಲಾಬಸಾಬ ಕಾಕಾ ಹೇಳಿದರು. ನಿವೃತ್ತಿಯ ನಂತರವೂ ನಿಲ್ಲುವ ಕೆಲಸವೇ ಸಿಕ್ಕಿತಲ್ಲ ಮಾರಾಯಾ! ಇಲ್ಲಿ ನಮ್ಮ ಖಾನಾವಳಿ ಹವಾಲ್ದಾರನ ಹಾವಳಿಯಿಲ್ಲದೆ ನಡೆದಿದೆ. ರೊಟ್ಟಿ ಬಡಿಯಲು ಸೀಟಿ ಊದುವವರಿಲ್ಲ, ಬಡಿಸುವವರ ಹಾಜರಿ ಕರೆಯುವವರಿಲ್ಲ. ಗಿರಾಕಿಗಳು ತಮಾಷೆಗೆ ‘ಮೇಜರ್ ಸಾಹೇಬ್ರು ಎಲ್ಲಿ ಹೋಗ್ಯಾರ್ರೀ?’ ಎಂದರೆ ನಮ್ಮ ತಮ್ಮ ಮುತ್ತು ಮಜ್ಜಿಗೆ ತರುವ ನೆಪದಲ್ಲಿ ಒಳಗೋಡುತ್ತಾನೆ.

ನೆನಪಿದೆಯೇ? ನಾನು ಕಲಿಸುವ ಕಾಲೇಜಿನ ಹುಡುಗಿಯರು ‘ಫೈರಿಂಗ್ ಸ್ಕ್ವಾಡ್’ ಅಂದರೇನೆಂದು ಕೇಳಿದ್ದರು. ‘ಮರಣದಂಡನೆಗೆ ಗುಂಡಿಕ್ಕುವ ತಂಡ’ ಎಂದು ಅನುವಾದಿಸಿ ಬೀಗಿದ್ದೆ. ನೀನು, ‘ತಂಡ ಯಾಕ ಬೇಕಾತು? ಒಬ್ಬಾಂವ ಸಾಲಂಗಿಲ್ಲೇನು?’ ಎಂದೆ. ಉತ್ತರವನ್ನೂ ನೀನೇ ಹೇಳಿದೆ: ಹಿಂದೆ ಕೆಲವು ಕಡೆ ಒಂದು ಬಂದೂಕಿಗೆ ಮಾತ್ರ ಗುಂಡಿಲ್ಲದ ತೋಟಾ ತುಂಬುತ್ತಿದ್ದರಂತೆ, ಯಾವುದಕ್ಕೆಂದು ಹಾರಿಸುವವರಿಗೆ ತಿಳಿಸುತ್ತಿರಲಿಲ್ಲವಂತೆ. ‘ನಂದು ಖಾಲಿ ಇತ್ತು’ ಎಂದುಕೊಂಡು ಎಲ್ಲರೂ ನೆಮ್ಮದಿಯಾಗಿರಬಹುದು.

ಆ ಪಾಠವನ್ನು ನಿನಗೇ ಒಪ್ಪಿಸಿದೆವು. ನಿನ್ನ ಸೀಟಿಗೆ ರೋಸಿಹೋಗಿದ್ದೆವು, ಆದರೆ ‘ಹೋಗು’ ಎನ್ನಲು ಯಾರಿಗೂ ಬಾಯಿರಲಿಲ್ಲ. ನೀನು ಕ್ಷೌರಕ್ಕೆ ಹೋದಾಗ ಚೀಟಿ ಬರೆದವಳು ನಾನು. ಮೂರರಲ್ಲಿ ‘ಅಣ್ಣ ಬ್ಯಾಡ’, ಒಂದು ಖಾಲಿ; ನಾಲ್ಕನ್ನೂ ಮಡಚಿ ಹಂಚಿದೆ. ಮುತ್ತು, ಅವನ ಹೆಂಡತಿ ಲಕ್ಷ್ಮಿ, ನಾನು, ಅವ್ವ ಒಂದೊಂದನ್ನು ಬಿಡಿಸದೆ ತಂಬಿಗೆಗೆ ಹಾಕಿದೆವು. ಓದು ಬಾರದ ಅವ್ವ ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ‘ಇದರಾಗ ಏನೈತಿ, ಜಯಾ?’ ಎಂದಳು. ‘ಯಾರಿಗೂ ಗೊತ್ತಿಲ್ಲವ್ವಾ, ಹಾಕು’ ಎಂದೆ.

ಆ ತಂಬಿಗೆಯನ್ನು ನಿನ್ನ ತಾಟಿನ ಪಕ್ಕ ಇಟ್ಟೆವು. ನೀನು ನಾಲ್ಕನ್ನೂ ಬಿಡಿಸಿದೆ. ಹಿಟ್ಟಿನ ಬೆರಳಚ್ಚಿದ್ದ ಚೀಟಿಯನ್ನು ಬಹಳ ಹೊತ್ತು ನೋಡಿದೆ. ಊಟ ಮುಗಿಸಿ, ತಾಟು ತೊಳೆದಿಟ್ಟು, ಪೆಟ್ಟಿಗೆ ಎತ್ತಿಕೊಂಡು ಹೋದೆ.

ಈಗ ಮುತ್ತು ತನ್ನದು ಖಾಲಿ ಇತ್ತು ಎನ್ನುತ್ತಾನೆ, ಲಕ್ಷ್ಮಿಯೂ ಹಾಗೇ ಎನ್ನುತ್ತಾಳೆ. ಅವ್ವ ಮಾತ್ರ ದಿನವೂ, ‘ಲಿಂಗ್ಯಾ ಯಾಕ ನನ್ನ ಫೋನ್ ಎತ್ತವಲ್ಲ?’ ಎಂದು ನನ್ನನ್ನೇ ಕೇಳುತ್ತಾಳೆ.

ಕಾಕಾಗೆ ಸಲಾಂ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ಜಯಾ

ತಾ.ಕ.: ಖಾಲಿ ಚೀಟಿಯ ಮೂಲೆ ಮಡಚಿ ಗುರುತು ಮಾಡಿ ನಾನೇ ಎತ್ತಿಕೊಂಡಿದ್ದೆ. ಅವ್ವನ ಕೈಗೆ ಕೊಟ್ಟದ್ದು ತುಂಬಿದ್ದೆಂದು ನನಗೆ ಗೊತ್ತಿತ್ತು. ಅದರಲ್ಲಿ ಏನಿತ್ತೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ನನ್ನ ಫೋನ್ ಎತ್ತಬೇಡ. ಅವಳದನ್ನು ಎತ್ತು.