ಸಮುದ್ರ ತೆರೆದಿರುವ ತಿಂಗಳು

ಅಮ್ಮಾ,

ಬರೆಯಲು ಕುಳಿತೆ ಅಂತ ಹೆಸರು, ಕುಳಿತ ಕಡೆ ಕುಳಿತಿರಲು ಆಗುತ್ತಿಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಹೋಗಿ ಸೂಟ್‌ಕೇಸಿನ ಜಿಪ್ ಎಳೆದು ನೋಡುತ್ತೇನೆ, ಬಾಲ್ಕನಿಗೆ ಬಂದು ಆಕಾಶ ನೋಡುತ್ತೇನೆ. ಮಲ್ಲೇಶ್ವರದ ಆಕಾಶ ನೋಡಿದರೆ ಕೊಚ್ಚಿಯ ಸಮುದ್ರ ಹೇಗಿದೆ ಅಂತ ತಿಳಿಯುತ್ತದೆಯೇ? ಆದರೂ ನೋಡುತ್ತೇನೆ. ಮಧ್ಯಾಹ್ನದಿಂದ ಮೋಡ. ನಾಳೆ ಸಂಜೆ ಎರ್ನಾಕುಲಂ ರೈಲು, ಆಮೇಲೆ ಮತ್ತೆ ಅದೇ ಲಕ್ಷದ್ವೀಪದ ಹಡಗು. ಯಾರ ಜೊತೆ ಹೋಗುತ್ತಿದ್ದೇನೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀನು ನಂಬುವುದಿಲ್ಲ. ಅದಕ್ಕೂ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕು. ನೀನಿದ್ದಾಗ ಕೇಳಲು ಬಾಯಿ ಬರಲಿಲ್ಲ...

ಇದೆಲ್ಲ ಶುರುವಾಗಿದ್ದು ಚಾಮರಾಜಪೇಟೆಯ ಮನೆಯಲ್ಲಿ, ಪಕ್ಕದ ಮನೆಯ ಕಮಲಮ್ಮನವರು ಐದು ದಿನದ ಲಕ್ಷದ್ವೀಪದ ಹಡಗು ಪ್ರವಾಸದಿಂದ ಬಂದ ದಿನ. ಅವರು ಹವಳದ ದಿಬ್ಬ, ನೀಲಿ ನೀರು, ಬಣ್ಣದ ಮೀನು ಅಂತ ಬಣ್ಣಿಸುತ್ತಿದ್ದರೆ ನೀನು ಅವರೆಕಾಯಿ ಬಿಡಿಸುತ್ತಾ ಹ್ಞೂಂ ಅನ್ನುತ್ತಿದ್ದೆ, ಅಷ್ಟೇ. ನಿನ್ನ ಕೈ ನಿಂತದ್ದು ಅವರು ಊಟದ ವಿಷಯ ಹೇಳಿದಾಗ. "ಗಂಟೆ ಬಾರಿಸ್ತಾರೆ, ಹೋಗಿ ಕೂತ್ಕೊಂಡ್ರೆ ಆಯ್ತು. ತಟ್ಟೆ ಕೂಡ ಎತ್ತೋ ಹಾಗಿಲ್ಲ ಕಣ್ರೀ." ನೀನು ತಲೆಯೆತ್ತಿ, "ಐದು ದಿನವೂನಾ?" ಅಂದೆ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ವಸು, ನಾನು ಆ ಹಡಗಲ್ಲಿ ಹೋಗ್ಬೇಕು" ಅಂದೆ. ಬೇಕು ಅನ್ನುವ ಪದವನ್ನು ನಿನ್ನ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿದ್ದೆನೇ?

ನಿನ್ನ ಅಡುಗೆಮನೆ ಬಾಗಿಲಿನ ಹಿಂದೆ ನೇತುಹಾಕಿದ್ದ ಕ್ಯಾಲೆಂಡರನ್ನು ನಾವಿಬ್ಬರೂ ನೆಲದ ಮೇಲೆ ಹರಡಿಕೊಂಡು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಒಂದೇ ಸಲಕ್ಕೆ ಆಷಾಢದ ಮೇಲೆ ಬೆರಳಿಟ್ಟೆ. "ಆಗ ಮದುವೆಯಿಲ್ಲ, ಮುಂಜಿಯಿಲ್ಲ, ಯಾರೂ ಬರೋರಿಲ್ಲ. ನಾನು ಇಲ್ದೇ ಇದ್ರೆ ಯಾರಿಗೂ ಗೊತ್ತಾಗಲ್ಲ." ನಾನು ಮಾರನೆಯ ದಿನ ಮೆಜೆಸ್ಟಿಕ್ ಹತ್ತಿರದ ಟ್ರಾವೆಲ್ಸ್‌ನವರಿಗೆ ಫೋನ್ ಮಾಡಿದರೆ ಆತ ನಕ್ಕುಬಿಟ್ಟ. "ಆಷಾಢದಲ್ಲಾ ಮೇಡಂ? ಮುಂಗಾರು ಶುರು ಆದ್ರೆ ಟೂರಿಸ್ಟ್ ಹಡಗು ಬಿಡಲ್ಲ. ಸಮುದ್ರ ಬಂದ್." ನಿನಗೆ ಬಂದು ಹೇಳಿದೆ. ನಿನಗೆ ಬಿಡುವಿರುವ ಒಂದೇ ಒಂದು ತಿಂಗಳು, ಅದರಲ್ಲೇ ಸಮುದ್ರದ ಬಾಗಿಲು ಹಾಕಿರಬೇಕೇ?

ಆಮೇಲೆ ಒಂದೊಂದೇ ತಿಂಗಳು ಹಿಡಿದು ನೋಡಿದೆವು. ಸಮುದ್ರ ತೆರೆಯುವ ಹೊತ್ತಿಗೆ ಪಿತೃಪಕ್ಷ, ಅದರ ಹಿಂದೆಯೇ ನವರಾತ್ರಿ, ಗೊಂಬೆ ಕೂರಿಸಬೇಕು. ಆಗ ಮಳೆಯನ್ನೂ ನಂಬುವ ಹಾಗಿಲ್ಲ ಅಂದಿದ್ದ ಟ್ರಾವೆಲ್ಸ್‌ನವನು. ದೀಪಾವಳಿ, ಕಾರ್ತಿಕ. ಡಿಸೆಂಬರಿನಲ್ಲಿ ನೀರು ಚೆನ್ನ, ಆದರೆ ಶಾಲೆಗಳಿಗೆ ರಜೆ, ಜಾಗ ಸಿಗುವುದಿಲ್ಲ. ನಿನಗೆ ಧನುರ್ಮಾಸದ ಪೂಜೆ ಬೇರೆ. ಏಪ್ರಿಲ್‌ನಲ್ಲಿ ನೀರು ಕನ್ನಡಿಯ ಹಾಗಿರುತ್ತದಂತೆ, ಆದರೆ ಸೆಖೆ ತಡೆಯುವುದು ಕಷ್ಟ, ಯುಗಾದಿ, ರಾಮನವಮಿ, ನೆಂಟರ ಮದುವೆಗಳು. ಕೊನೆಗೆ ಉಳಿದಿದ್ದು ಎರಡು: ಜನವರಿ ಕೊನೆ ವಾರದ ಹಡಗು, ಇಲ್ಲವೇ ಫೆಬ್ರವರಿ ಮಧ್ಯದ್ದು. ಎರಡಕ್ಕೂ ಹವೆ ಒಂದೇ, ಗಾಳಿ ಒಂದೇ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಜನವರಿ ಕೊನೆಗೆ ಪ್ರಿಪರೇಟರಿ ಪರೀಕ್ಷೆ. ಫೆಬ್ರವರಿ ಅನ್ನೋಣ ಅಂತ ಬಾಯಿ ತೆರೆಯುವುದರೊಳಗೆ ನೀನು ಹೇಳಿದ್ದೆ: "ಜನವರಿ."

ಅಪ್ಪನ ತಿಥಿ ಬರುವುದು ಪುಷ್ಯದಲ್ಲಿ. ಆ ವರ್ಷ ಅದು ಸರಿಯಾಗಿ ಹಡಗಿನ ದಿನಗಳ ನಡುವೆ ಬಿದ್ದಿತ್ತು. ಕ್ಯಾಲೆಂಡರು ನಿನ್ನ ಮುಂದೆಯೇ ಇತ್ತು. ನಿನಗೆ ಕಾಣಲಿಲ್ಲವೇ? ಮರೆತೆಯಾ? ಯಾರ ತಿಥಿ ಯಾವತ್ತು ಅನ್ನುವುದನ್ನು ಇಡೀ ಬಳಗಕ್ಕೆ ನೀನೇ ಹೇಳಬೇಕಿತ್ತು. ಇದೇ ಅಮ್ಮ, ನಾನು ಕೇಳಬೇಕೆಂದಿದ್ದ ಮಾತು. ಬೇಕೆಂದೇ ಆರಿಸಿದೆಯಾ?

ಅಣ್ಣನಿಗೆ ವಿಷಯ ಗೊತ್ತಾದ ರಾತ್ರಿಯ ಊಟ ನೆನಪಿದೆಯಲ್ಲ. ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟು, "ಅಪ್ಪನ ತಿಥಿ ಬಿಟ್ಟು ಹಡಗಿಗೆ ಹೋಗ್ತೀಯಾ? ಜನ ಏನಂತಾರೆ ಅಮ್ಮ?" ಅಂದ. ನೀನು ಮಜ್ಜಿಗೆ ಬಡಿಸುತ್ತಲೇ, "ತಿಥಿ ಮಾಡೋನು ನೀನು, ಶ್ರೀಧರ. ನಾನಿಲ್ದೇ ಇದ್ರೆ ಯಾವ ಮಂತ್ರ ನಿಲ್ಲುತ್ತೆ?" ಅಂದೆ.

"ಅಡುಗೆ?"

"ಅದೇ ಹೇಳು ಮತ್ತೆ. ನಿನಗೆ ಅಮ್ಮ ಬೇಡ, ಅಡುಗೆಯವಳು ಬೇಕು."

ಅವನು ತಟ್ಟೆ ತಳ್ಳಿ ಎದ್ದ. ಹೊರಗೆ ಬರುವಾಗ ಪದ್ಮ ಅತ್ತಿಗೆ ನನ್ನನ್ನು ತಡೆದರು. ಅಣ್ಣನಿಗಿಂತ ಅವರಿಗೇ ಹೆಚ್ಚು ಕೋಪ ಬಂದಿತ್ತು. "ನಿನಗೇನು ವಸು, ಆರಾಮಾಗಿ ಹೋಗ್ತೀಯ. ಆ ದಿನ ಒದ್ದೆ ಬಟ್ಟೇಲಿ ಒಲೆ ಮುಂದೆ ನಿಂತ್ಕೊಳ್ಳೋಳು ನಾನೊಬ್ಬಳೇ" ಅಂದರು. ಅವರು ಹೇಳಿದ್ದು ಸುಳ್ಳೇನಲ್ಲವಲ್ಲ?

ಹಡಗಿನ ಮೊದಲ ಊಟಕ್ಕೆ ಗಂಟೆ ಬಾರಿಸಿದಾಗ ನೀನು ಚೀಲದಿಂದ ಅವಲಕ್ಕಿ, ಗೊಜ್ಜಿನ ಡಬ್ಬಿ ಎಲ್ಲ ತೆಗೆದು ಮಂಚದ ಮೇಲೆ ಜೋಡಿಸಿದೆ. ಈರುಳ್ಳಿ ಹಾಕಿರುತ್ತಾರೆ, ನಾನು ತಿನ್ನುವುದಿಲ್ಲ ಅಂತ ಮನೆಯಿಂದಲೇ ಹೇಳಿಕೊಂಡು ಬಂದಿದ್ದೆ. ಆಮೇಲೆ "ಸುಮ್ನೆ ನೋಡ್ಕೊಂಡು ಬರೋಣ" ಅಂತ ನನ್ನ ಹಿಂದೆ ಬಂದೆ. ಕುರ್ಚಿಯಲ್ಲಿ ಕೂತೆ. ಒಬ್ಬಾತ ಬಂದು ನಿನ್ನ ತಟ್ಟೆಗೆ ಬಿಸಿ ಅನ್ನ ಹಾಕಿ, ಸಾಂಬಾರು ಹಾಕಿ, ಸಾಕಾ ಅನ್ನುವ ಹಾಗೆ ನಿನ್ನ ಮುಖ ನೋಡುತ್ತಾ ನಿಂತ. ನೀನು ಆತನ ಮುಖವನ್ನೇ ನೋಡುತ್ತಿದ್ದೆ. ಸಾಂಬಾರಿನಲ್ಲಿ ಇಷ್ಟಿಷ್ಟು ದಪ್ಪದ ಈರುಳ್ಳಿ ತೇಲುತ್ತಿತ್ತು. ನೀನು ಕಲಸಿದೆ, ತಿಂದೆ, ಇನ್ನೊಂದು ಸಲ ಹಾಕಿಸಿಕೊಂಡೆ. "ಉಪ್ಪು ಸ್ವಲ್ಪ ಮುಂದು" ಅಂದೆ ನನಗೆ ಮಾತ್ರ ಕೇಳುವ ಹಾಗೆ. ಆ ಅವಲಕ್ಕಿ ಬೆಂಗಳೂರಿಗೆ ಹಾಗೇ ವಾಪಸ್ಸು ಬಂತು.

ತಿಥಿಯ ದಿನ ನಾವು ಮಿನಿಕಾಯ್ ದ್ವೀಪದಲ್ಲಿದ್ದೆವು. ಹಡಗು ದೂರದಲ್ಲೇ ನಿಂತಿತು, ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಕರೆದೊಯ್ದರು. ಟ್ರಾವೆಲ್ಸ್‌ನವನ ಮಾತು ನಿಜವಾಗಿತ್ತು. ಜನವರಿಯ ನೀರಿಗೆ ಒಂದು ಸುಕ್ಕೂ ಇರಲಿಲ್ಲ, ಬಿಸಿಲು ಮೈಗೆ ಹಿತವಾಗಿತ್ತು. ನಾನು ಮಾತ್ರ ಬೆಳಗಿನಿಂದ ನಿನ್ನ ಮುಖವನ್ನೇ ಗಮನಿಸುತ್ತಿದ್ದೆ. ಈಗ ಜ್ಞಾಪಿಸಿಕೊಳ್ಳುತ್ತಾಳೆ, ಈಗ ಅಳುತ್ತಾಳೆ ಅಂತ ಕಾಯುತ್ತಿದ್ದೆ. ನೀನು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದೆ. ಕಾಲ ಬಳಿ ಪಟ್ಟೆಪಟ್ಟೆಯ ಮೀನುಗಳು ಬಂದರೆ ಪುಟ್ಟ ಹುಡುಗಿಯ ಹಾಗೆ ಕಿರುಚಿದೆ. ಸೂರ್ಯ ನೆತ್ತಿಗೆ ಬಂದಾಗ, ಅಂದರೆ ಚಾಮರಾಜಪೇಟೆಯಲ್ಲಿ ಎಲೆ ಹಾಕುವ ಹೊತ್ತಿಗೆ, ತಿರುಗಿ ನೋಡದೆಯೇ ಹೇಳಿದೆ:

"ಬೆಳಗ್ಗೆಯಿಂದ ನನ್ನ ಮುಖ ನೋಡ್ತಾ ಇದೀಯಲ್ಲ, ನೀರು ನೋಡು. ಇವತ್ತು ಏನು ಅಂತ ನನಗೆ ಗೊತ್ತು."

"ಅಮ್ಮ..."

"ಜೀವಮಾನವೆಲ್ಲ ಬಡಿಸಿದೀನಿ ಅವರಿಗೆ. ಒಂದು ದಿನ ಅವರೇ ಬಡಿಸ್ಕೊಳ್ಳಲಿ."

ನಾನು ನಗಬೇಕೋ ಬೇಡವೋ ತಿಳಿಯದೆ ನಿಂತೆ. ಅಪ್ಪ ಬಿನ್ನಿಪೇಟೆಯ ಮಿಲ್ಲಿನ ಆಫೀಸಿನಿಂದ ದಿನಾ ಮಧ್ಯಾಹ್ನ ಊಟಕ್ಕೆ ನಡೆದು ಬರುತ್ತಿದ್ದದ್ದು, ಹೊರಗೆ ಒಂದು ತುತ್ತೂ ತಿನ್ನುತ್ತಿರಲಿಲ್ಲ ಅನ್ನುವುದು, ಅದನ್ನೇ ಬಂದವರೆಲ್ಲ ಹೊಗಳುತ್ತಿದ್ದದ್ದು ನನಗೆ ಗೊತ್ತಿತ್ತು. ಅದಕ್ಕಾಗಿ ನಿನ್ನ ಸ್ವಂತ ತಂಗಿಯ ಮದುವೆಯಲ್ಲಿ ಧಾರೆ ಮುಗಿದ ಕೂಡಲೇ ನೀನು ಮೈಸೂರಿನಿಂದ ಬಸ್ಸು ಹತ್ತಿದ್ದೆ ಅನ್ನುವುದನ್ನು ಅವತ್ತು ಆ ನೀರಿನಲ್ಲಿ ನಿಂತು ಮೊದಲ ಸಲ ಹೇಳಿದೆ. "ಅವರು ಕೆಟ್ಟವರಲ್ಲ ವಸು. ಕೆಟ್ಟವರಾಗಿದ್ದಿದ್ರೆ ಎಷ್ಟೋ ಸಲೀಸಾಗಿರ್ತಿತ್ತು. ಕೋಪ ಮಾಡ್ಕೊಂಡು ಸುಮ್ನಾಗಿಬಿಡ್ತಿದ್ದೆ." ಅಷ್ಟು ಹೇಳಿ ಮತ್ತೆ ಮೀನಿನ ಹಿಂದೆ ಹೋದೆ. ಅಳಲಿಲ್ಲ. ಅಥವಾ ಬೆನ್ನು ತಿರುಗಿಸಿದ್ದರಿಂದ ನನಗೆ ಕಾಣಲಿಲ್ಲವೋ...

ವಾಪಸ್ಸು ಬಂದ ಮೇಲೆ, ಒಂದೇ ಮನೆಯಲ್ಲಿದ್ದೂ ಅಣ್ಣ ನಿನ್ನ ಜೊತೆ ಮಾತು ಬಿಟ್ಟ. ನಿನ್ನ ಎದುರಿಗೇ ಕೂತು, "ಪದ್ಮ, ಕಾಫಿ ಆರ್ತಾ ಇದೆ ಅಂತ ಅಮ್ಮನಿಗೆ ಹೇಳು" ಅನ್ನುತ್ತಿದ್ದ. ನೀನೂ ಪಟ್ಟು ಬಿಡಲಿಲ್ಲ. ಭಾನುವಾರ ನನ್ನ ಮನೆಗೆ ಬಂದರೆ ಹಡಗಿನ ಮಾತೇ. ಫೆಬ್ರವರಿ ಆಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ, ಸಮುದ್ರವೂ ಸಿಗುತ್ತಿತ್ತು, ಮಗನೂ ಮುನಿಯುತ್ತಿರಲಿಲ್ಲ ಅಂತ ಸಂಪಿಗೆ ರಸ್ತೆಯಲ್ಲಿ ನಡೆಯುವಾಗೆಲ್ಲ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ನಿನಗೆ ಒಮ್ಮೆಯಾದರೂ ಹಾಗನ್ನಿಸಿತೇ?

ನಿನ್ನ ಕೊನೆಯ ಆಸ್ಪತ್ರೆ ವಾಸದಲ್ಲಿ ಅಣ್ಣ ರಜೆ ಹಾಕಿ ಬಂದು ಕೂತ. ಆ ಹೊತ್ತಿಗೆ ಮಾತು ಮತ್ತೆ ಶುರುವಾಗಿತ್ತು, ಆದರೆ ಬೇಕಾದಷ್ಟು ಮಾತ್ರ: ಮಾತ್ರೆ ತಗೊಂಡೆಯಾ, ಹೊದಿಕೆ ಬೇಕಾ, ಇಷ್ಟೇ. ಒಂದು ಸಂಜೆ ಅವನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ನೀನು ಎರಡು ಗುಟುಕು ಕುಡಿದು, "ಇದು ಯಾವ ತಿಂಗಳೋ ಶ್ರೀಧರ?" ಅಂದೆ.

"ಆಷಾಢ ಅಮ್ಮ."

"ಹಂಗಾದ್ರೆ ಸಮುದ್ರ ಮುಚ್ಚಿರುತ್ತೆ" ಅಂದೆ ನೀನು. ಇನ್ನೊಂದು ಗುಟುಕು ಕುಡಿದು, "ಚೆನ್ನಾಗಿ ಕುಡಿಸ್ತೀಯ ಕಣೋ" ಅಂದೆ. ಅವನು ಚಮಚ ಕೆಳಗಿಟ್ಟು ಕಾರಿಡಾರಿಗೆ ಹೋದ. ನಾನು ಹಿಂದೆಯೇ ಹೋದೆ. ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಇದನ್ನು ನೀನು ನೋಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ಆಷಾಢದಲ್ಲೇ ನೀನು ಹೊರಟೆ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನ ವರ್ಷಾಂತಿಕ ಮುಗಿದ ಮೇಲೆ, ಈ ಸಲದ ಶ್ರಾವಣದಲ್ಲಿ ಪದ್ಮ ಅತ್ತಿಗೆ ಒಬ್ಬರೇ ಬಸ್ಸು ಹತ್ತಿ ನನ್ನ ಮನೆಗೆ ಬಂದರು. ಅದಕ್ಕೆ ಮೊದಲು ಒಬ್ಬರೇ ಬಂದವರಲ್ಲ. ಕಾಫಿ ಕುಡಿದು, ಸೆರಗಿನ ತುದಿ ಸುತ್ತುತ್ತಾ ಕೂತು, "ಅತ್ತೆ ಹೋಗಿದ್ರಲ್ಲ ವಸು, ಆ ಹಡಗು... ಯಾವ ತಿಂಗಳು ಒಳ್ಳೇದು?" ಅಂದರು. ನಾನು ಎಲ್ಲ ಹೇಳಿದೆ. ಡಿಸೆಂಬರಿನ ಗದ್ದಲ, ಏಪ್ರಿಲಿನ ಸೆಖೆ, ಜನವರಿಯ ನೀರು. ಅಕ್ಟೋಬರ್ ಬೇಡ, ಸಮುದ್ರ ಆಗಷ್ಟೇ ತೆರೆದಿರುತ್ತದೆ, ಅಲೆ ಹೇಗಿರುತ್ತದೋ ಅಂದೆ.

"ಅಕ್ಟೋಬರೇ ಇರಲಿ" ಅಂದರು.

"ಅತ್ತಿಗೆ, ಆಗ ನವರಾತ್ರಿ. ಗೊಂಬೆ?"

"ಮದುವೆಯಾದ ವರ್ಷದಿಂದ ಕೂರಿಸಿದೀನಿ. ಜನವರಿವರೆಗೂ ಕಾದ್ರೆ ನನ್ನ ಧೈರ್ಯವೇ ಇಳಿದುಹೋಗುತ್ತೆ. ನಿಮ್ಮಣ್ಣನಿಗೆ ನೀನು ಹೇಳ್ಬೇಡ, ನಾನೇ ಹೇಳ್ತೀನಿ."

ಹೇಳಿದರಂತೆ. ಅಣ್ಣ ಒಂದು ವಾರ ಉಸಿರೆತ್ತಲಿಲ್ಲ. ಮತ್ತೆ ಮಾತು ಬಿಡುತ್ತಾನೆ ಅಂತ ನಾನು ದಿನಾ ಫೋನ್ ಎತ್ತುವುದು, ಇಡುವುದು ಮಾಡಿದೆ. ಆಮೇಲೆ ಒಂದು ಬೆಳಗ್ಗೆ ಅವನು ಪೇಪರಿನಿಂದ ತಲೆಯೆತ್ತಿ ಅತ್ತಿಗೆಯನ್ನು ಕೇಳಿದನಂತೆ: "ಸ್ವೆಟರ್ ಬೇಕಾಗುತ್ತಾ ಅಲ್ಲಿ?" ಲಕ್ಷದ್ವೀಪಕ್ಕೆ ಸ್ವೆಟರು, ಅಮ್ಮ!

ನಿನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಬೇಡ ಬಿಡು. ಬೇಕೆಂದೇ ಆರಿಸಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅಲೆ ಜೋರಾಗಿದ್ದರೆ ಅತ್ತಿಗೆಯ ಕೈ ಹಿಡಿದುಕೊಂಡಿರುತ್ತೇನೆ, ಊಟದ ಗಂಟೆಯಾದರೆ ಮೊದಲು ಅವರನ್ನು ಕೂರಿಸುತ್ತೇನೆ. ಇಷ್ಟು ಮಾತು ಕೊಡಬಲ್ಲೆ.

ಇದನ್ನು ಇಲ್ಲಿಗೆ ನಿಲ್ಲಿಸೋಣ ಅನ್ನುವಷ್ಟರಲ್ಲಿ ಫೋನ್ ಬಂತು. ಅಣ್ಣ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಹಳೆ ಸೀರೆ ಬಿಚ್ಚಿ, ಗೊಂಬೆಗಳನ್ನೆಲ್ಲ ಹಾಲಿನಲ್ಲಿ ಹರಡಿಕೊಂಡು ಕೂತಿದ್ದಾನಂತೆ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಾರೆ, ಅವರನ್ನು ಕೇಳಲು ಬಿಗುಮಾನ. ಮೆಲ್ಲಗೆ ಕೇಳಿದ:

"ವಸು, ಪಟ್ಟದ ಗೊಂಬೇಲಿ ರಾಣೀನ ಯಾವ ಕಡೆ ನಿಲ್ಲಿಸ್ಬೇಕು?"

"ನನಗೆಲ್ಲಿ ಗೊತ್ತೋ. ಅಮ್ಮನಿಗೆ ಗೊತ್ತಿತ್ತು."

ಆ ಕಡೆಯಿಂದ ಮರದ ಮೇಲೆ ಮರ ತಾಗಿದ ಶಬ್ದ ಕೇಳಿಸಿತು.

"ಸರಿ, ಕಿಟಕಿ ಪಕ್ಕ ಇಟ್ಟಿದೀನಿ" ಅಂದ. "ಗಾಳಿ ಬರುತ್ತೆ."

ನಿನ್ನ
ವಸು