ಮೂರು ಮಿಲಿಮೀಟರ್ ಓರೆ

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಸೋದರಮಾವನ ಮರಗೆಲಸದ ಅಂಗಡಿಗೆ ಕಾಲಿಟ್ಟ ಕೂಡಲೇ ಕಂಡಿತು: ಕರೆಂಟಿನ ಗರಗಸ ಓಡುವ ಅಲ್ಯೂಮಿನಿಯಂ ಹಳಿಯ ಅಡಿಯ ರಬ್ಬರ್ ಪಟ್ಟಿಗೆ ಮರದ ಹೊಟ್ಟು ಮೆತ್ತಿಕೊಂಡಿತ್ತು. ಒರೆಸದೆ ಇಟ್ಟರೆ ಹಳಿ ಜಾರುತ್ತದೆ. ಹೇಳಬೇಕೆಂದುಕೊಂಡವಳು ಅಳತೆ ಪುಸ್ತಕ ತೆರೆದು ನಿಂತೆ. ಅಲ್ಲಿ ನನ್ನ ಕೆಲಸ ಅಳತೆ ಬರೆದುಕೊಳ್ಳುವುದಷ್ಟೇ.

ಮಾವ ಗೆರೆಗೆ ಹಳಿ ಹೊಂದಿಸಿ ಗರಗಸ ತಳ್ಳಿದರು. ಕಪಾಟಿನ ಬಾಗಿಲಿಗೆಂದು ಉಳಿದಿದ್ದದ್ದು ಅದೊಂದೇ ಪ್ಲೈವುಡ್ ಹಲಗೆ. ಕೊಯ್ದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದೆವು. ಎರಡೂ ಕಡೆ ಒಂದೇ ಅಳತೆ ಬರಬೇಕಿತ್ತು. ಮೂರು ಮಿಲಿಮೀಟರ್ ವ್ಯತ್ಯಾಸ.

“ಹಾಳಾದ್ದು, ಬ್ಲೇಡೇ ಸೊಟ್ಟ!” ಎಂದರು ಮಾವ.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ,” ಎಂದರು ಚಹಾ ತಂದ ಅತ್ತೆ.

ಮಾವನ ಸಿಟ್ಟು ನನ್ನತ್ತ ತಿರುಗಿತು. “ನೀನ್ಯಾಕೆ ನಗ್ತೀಯೆ? ಕವಿತೆ ಓದ್ದೋಳಿಗೆ ಗರಗಸದ ಕಷ್ಟ ಏನು ಗೊತ್ತು?”

ನಾನು ನಗುತ್ತಿರಲಿಲ್ಲ. ನನ್ನ ಕಣ್ಣು ಗರಗಸದ ಹಿಡಿಯ ಮೇಲಿತ್ತು. ಆರು ತಿಂಗಳಿಂದ ಅದನ್ನೇ ನೋಡುತ್ತಿದ್ದೇನೆ. ಹಲಗೆಯ ಈ ತುದಿಯಿಂದ ಆ ತುದಿಗೆ ಎಲ್ಲೂ ತಡೆಯದೆ ಸಾಗುವ ಆ ಓಟ ನನ್ನ ಕೈಗೆ ಹೇಗೆ ತಿಳಿಯಬಹುದು? ಸಂಜೆ ಪುಸ್ತಕ ಹಿಡಿದು ಕೂತರೂ ಅಂಗೈ ಅದನ್ನೇ ಹುಡುಕುತ್ತದೆ. ಇಂಥ ಆಸೆಯನ್ನು ಬರೆದುಕೊಳ್ಳಲೂ ನಾಚಿಕೆ. ಆದರೂ ಎಷ್ಟು ಆಸೆ!

ನಾಳೆ ಹೊಸ ಹಲಗೆ ಬರುತ್ತದೆ. ಅಳತೆ ಪುಸ್ತಕವನ್ನು ಅತ್ತೆಯ ಕೈಗಿಟ್ಟು, “ಮಾವ, ಇದನ್ನ ನಾನು ಕೊಯ್ತೀನಿ” ಅನ್ನುತ್ತೇನೆ. ದನಿ ನಡುಗಿದರೆ ನಡುಗಲಿ.